ಪಿಎಸ್‌ಎ, ಮಾತ್ರೆ, ಎಂಆರ್‌ಐ, ಬಯಾಪ್ಸಿ: ಪ್ರಾಸ್ಟೇಟ್ ಕ್ಯಾನ್ಸರ್ ವಿಷಯದಲ್ಲಿ ಯಾವುದನ್ನು ಆರಿಸೋದು?

ಅಪ್ಪನಿಗೆ ಅರವತ್ತು ತುಂಬಿತು ಅಂತ ಮಕ್ಕಳು ಫುಲ್ ಬಾಡಿ ಚೆಕಪ್ ಬುಕ್ ಮಾಡುತ್ತಾರೆ. ಎರಡು ದಿನ ಬಿಟ್ಟು ಮೊಬೈಲಿಗೆ ಉದ್ದನೆಯ ಪಿಡಿಎಫ್ ಬರುತ್ತದೆ. ಸಕ್ಕರೆ, ಕೊಲೆಸ್ಟ್ರಾಲ್, ಥೈರಾಯ್ಡ್ ಎಲ್ಲ ದಾಟಿದ ಮೇಲೆ ಒಂದು ಸಾಲು ಮಾತ್ರ ದಪ್ಪ ಅಕ್ಷರದಲ್ಲಿದೆ: ಟೋಟಲ್ ಪಿಎಸ್‌ಎ 5.6. ಪಕ್ಕದ ಕಾಲಮ್ಮಿನಲ್ಲಿ 0–4. ಗಂಡಸರ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿಗೆ ಸಂಬಂಧಿಸಿದ ರಕ್ತಪರೀಕ್ಷೆ ಇದು. ಈ ಟೆಸ್ಟ್ ಬೇಕು ಅಂತ ಯಾರೂ ಕೇಳಿರಲಿಲ್ಲ, ಪ್ಯಾಕೇಜಿನ ಜೊತೆ ಬಂದಿದ್ದು. ಈಗ ಮಾವ 'ಬೇಗ ಬಯಾಪ್ಸಿ ಮಾಡಿಸಿ' ಅನ್ನುತ್ತಾರೆ, ಅಂದರೆ ಸೂಜಿಯಿಂದ ಗ್ರಂಥಿಯ ಚೂರು ತೆಗೆದು ಪರೀಕ್ಷಿಸುವುದು. ಚಿಕ್ಕಪ್ಪ 'ಸೂಜಿ ಹಾಕಿದ್ರೆ ಹರಡುತ್ತೆ' ಅನ್ನುತ್ತಾರೆ. ಇನ್ಯಾರೋ ಟೊಮೆಟೊ ಜ್ಯೂಸಿನ ವಾಟ್ಸಾಪ್ ಕಳಿಸುತ್ತಾರೆ.

ಹೀಗೆ ಸಿಕ್ಕಿಕೊಂಡವರಿಗೂ, ಟೆಸ್ಟ್ ಮಾಡಿಸೋದೋ ಬೇಡವೋ ಅಂತ ಇನ್ನೂ ಯೋಚಿಸುತ್ತಿರುವವರಿಗೂ ಈ ಬರಹ. ನಾನು ಡಾಕ್ಟರ್ ಅಲ್ಲ. ಆದರೆ ಕಳೆದ ಮೂವತ್ತು ವರ್ಷಗಳಲ್ಲಿ ಲಕ್ಷಾಂತರ ಗಂಡಸರನ್ನು ಸೇರಿಸಿಕೊಂಡು ನಡೆದ ದೊಡ್ಡ ಅಧ್ಯಯನಗಳಿವೆ. ಅವುಗಳ ಫಲಿತಾಂಶ ಬಹಿರಂಗವಾಗಿಯೇ ಇದೆ. ಅವುಗಳ ಬೆಳಕಿನಲ್ಲಿ ಒಂದೊಂದು ಆಯ್ಕೆಯನ್ನೂ ತೂಗಿ ನೋಡೋಣ.

ತೂಗುವ ಮೊದಲು ಅಳತೆಗೋಲು ಇಟ್ಟುಕೊಳ್ಳಿ

ಮೊದಲ ಪ್ರಶ್ನೆ: ಇದರಿಂದ ಸಾವು ತಪ್ಪುತ್ತದೆಯೇ? 'ಕ್ಯಾನ್ಸರ್ ಬೇಗ ಸಿಕ್ಕಿತು' ಅನ್ನುವುದು ಇದಕ್ಕೆ ಉತ್ತರವಲ್ಲ. ಪ್ರಾಸ್ಟೇಟ್ ಕ್ಯಾನ್ಸರ್‌ನಲ್ಲಿ ಎರಡು ಜಾತಿ ಇದೆ ಅಂತಲೇ ಇಟ್ಟುಕೊಳ್ಳಿ. ಒಂದು ಮೂಳೆಗೆ ಹಬ್ಬಿ ಜೀವ ತೆಗೆಯುವಂಥದ್ದು. ಇನ್ನೊಂದು ತನ್ನ ಪಾಡಿಗೆ ತಾನು ಇದ್ದು, ಮನುಷ್ಯ ಬೇರೇನೋ ಕಾರಣಕ್ಕೆ ಹೋಗುವವರೆಗೂ ಸುಮ್ಮನಿರುವಂಥದ್ದು. ಬೇರೆ ಕಾರಣಕ್ಕೆ ತೀರಿಕೊಂಡ, ಎಪ್ಪತ್ತರಿಂದ ಎಂಬತ್ತರ ನಡುವಿನ ವಯಸ್ಸಿನ ಬಿಳಿಯ ಗಂಡಸರ ಶವಪರೀಕ್ಷೆಗಳಲ್ಲಿ ಮೂವರಲ್ಲಿ ಒಬ್ಬರಿಗಾದರೂ ಪ್ರಾಸ್ಟೇಟ್‌ನಲ್ಲಿ ಇಂಥ ಕ್ಯಾನ್ಸರ್ ಕಣಗಳು ಸಿಕ್ಕಿವೆ. ಅವರಲ್ಲಿ ಬಹುಪಾಲು ಜನಕ್ಕೆ ಅದು ಇದ್ದದ್ದೇ ಗೊತ್ತಿರಲಿಲ್ಲ.

ಹಾಗಾಗಿ ಎರಡನೇ ಪ್ರಶ್ನೆ: ಅಪಾಯದ ಗಡ್ಡೆಯನ್ನು ಹಿಡಿದು, ಸುಮ್ಮನಿರುವುದನ್ನು ಬಿಡುವ ಜಾಣತನ ಈ ಪರೀಕ್ಷೆಗೆ ಇದೆಯೇ? ಮೂರನೆಯದು ದೇಹಕ್ಕೆ ಬೀಳುವ ಪೆಟ್ಟು. ಸೋಂಕು, ಮೂತ್ರ ಸೋರುವುದು, ಲೈಂಗಿಕ ತೊಂದರೆ, ಜೊತೆಗೆ ನಿದ್ದೆಗೆಡಿಸುವ ಆತಂಕ. ನಾಲ್ಕನೆಯದು ದುಡ್ಡು. ಆ ಸೌಲಭ್ಯ ನಿಮ್ಮ ಊರಿನ ಆಸುಪಾಸಿನಲ್ಲಿ ಇದೆಯೇ ಅನ್ನುವುದೂ ಇದರಲ್ಲೇ ಸೇರಿತು.

ಇವೆಲ್ಲದರ ಬೆನ್ನಿಗೆ ವಯಸ್ಸು ಇದೆ. ಈ ಕ್ಯಾನ್ಸರ್ ನಿಧಾನಿ. ಬೇಗ ಹಿಡಿದದ್ದರ ಲಾಭ ಕಾಣಲು ಹತ್ತು ಹದಿನೈದು ವರ್ಷ ಬೇಕು. 52ರವರಿಗೂ 78ರವರಿಗೂ ಒಂದೇ ಸಲಹೆ ಕೊಡುವವರ ಮಾತನ್ನು ನಂಬಬೇಡಿ.

ಲಕ್ಷಣ ಬಂದಾಗ ನೋಡಿಕೊಂಡರಾಯಿತು ಅನ್ನುವುದು

ನಮ್ಮಲ್ಲಿ ಹೆಚ್ಚಿನವರು ಮಾಡುತ್ತಿರುವುದು ಇದೇ. ಖರ್ಚಿಲ್ಲ, ತಲೆನೋವಿಲ್ಲ. ತೊಂದರೆ ಏನೆಂದರೆ ಶುರುವಿನಲ್ಲಿ ಈ ಕ್ಯಾನ್ಸರ್ ಲಕ್ಷಣವನ್ನೇ ತೋರಿಸುವುದಿಲ್ಲ. ರಾತ್ರಿ ನಾಲ್ಕು ಸಲ ಏಳುವುದು, ಮೂತ್ರದ ಧಾರೆ ಸಣ್ಣಗಾಗುವುದು ಬಹುತೇಕ ವಯಸ್ಸಿಗೆ ಪ್ರಾಸ್ಟೇಟ್ ಊದಿಕೊಂಡದ್ದರಿಂದ. ಅದು ಕ್ಯಾನ್ಸರ್ ಅಲ್ಲ, ಮುಂದೆ ಕ್ಯಾನ್ಸರ್ ಆಗುವಂಥದ್ದೂ ಅಲ್ಲ. ಕ್ಯಾನ್ಸರ್ ತಾನಾಗಿ ಬಾಯಿಬಿಡುವುದು ಹೆಚ್ಚಾಗಿ ಬೆನ್ನುನೋವು, ಸೊಂಟದ ಮೂಳೆ ನೋವಿನ ರೂಪದಲ್ಲಿ. ಅಷ್ಟು ಹೊತ್ತಿಗೆ ಅದು ಹರಡಿರುತ್ತದೆ. ಭಾರತದಲ್ಲಿ ತಡವಾಗಿ ಪತ್ತೆಯಾಗುವ ಪ್ರಕರಣಗಳು ಜಾಸ್ತಿ ಇರುವುದು ಇದಕ್ಕೇ. ಎಪ್ಪತ್ತೈದು ದಾಟಿ, ಹೃದಯ, ಕಿಡ್ನಿ ಅಂತ ಬೇರೆ ಕಾಯಿಲೆಗಳೂ ಇರುವವರಿಗೆ ಈ ಆಯ್ಕೆ ತಪ್ಪೇನಲ್ಲ. ಐವತ್ತೈದರವರಿಗೆ ಇದು ಆಯ್ಕೆ ಅನ್ನುವುದಕ್ಕಿಂತ ಉದಾಸೀನ.

ಬಾರದಂತೆ ತಡೆಯುವ ಮಾತ್ರೆಗಳು

ವಿಟಮಿನ್‌ಗಳ ಕಥೆ ಚಿಕ್ಕದು. ಸೆಲೀನಿಯಂ ಮತ್ತು ವಿಟಮಿನ್ ಇ ಪ್ರಾಸ್ಟೇಟ್ ಕ್ಯಾನ್ಸರ್ ತಡೆಯುತ್ತವೆ ಎಂಬ ಭಾರೀ ನಿರೀಕ್ಷೆ ತೊಂಬತ್ತರ ದಶಕದಲ್ಲಿತ್ತು. ಅದನ್ನು ಪರೀಕ್ಷಿಸಲು ಅಮೆರಿಕ, ಕೆನಡಾ, ಪೋರ್ಟೊ ರಿಕೊಗಳಲ್ಲಿ 35,533 ಗಂಡಸರನ್ನು ಸೇರಿಸಿಕೊಂಡು 2001ರಲ್ಲಿ ಸೆಲೆಕ್ಟ್ ಎಂಬ ಅಧ್ಯಯನ ಶುರುವಾಯಿತು. ಲಾಭ ಕಾಣದ ಕಾರಣ 2008ರಲ್ಲಿ ಮಾತ್ರೆ ನಿಲ್ಲಿಸಿದರು. 2011ರ ವರದಿಯಲ್ಲಿ ಇನ್ನೂ ಒಂದು ಹೆಜ್ಜೆ ಕೆಟ್ಟ ಸುದ್ದಿ: ಬರೀ ವಿಟಮಿನ್ ಇ ತೆಗೆದುಕೊಂಡವರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಶೇ 17ರಷ್ಟು ಹೆಚ್ಚಾಗಿತ್ತು. ವಿಟಮಿನ್ ಡಿ ಬಗ್ಗೆ 25,871 ಜನರ ಮೇಲೆ ನಡೆದ ವೈಟಲ್ ಅಧ್ಯಯನದಲ್ಲೂ ಕ್ಯಾನ್ಸರ್ ಬರುವ ಪ್ರಮಾಣ ಇಳಿಯಲಿಲ್ಲ. ಟೊಮೆಟೊ ತಿನ್ನಿ, ಸಾರಿಗೆ ಚೆನ್ನಾಗಿರುತ್ತದೆ. 'ಪ್ರಾಸ್ಟೇಟ್ ಸಪೋರ್ಟ್' ಅಂತ ಬರೆದ ಡಬ್ಬಿಗೆ ತಿಂಗಳು ತಿಂಗಳು ದುಡ್ಡು ಸುರಿಯಬೇಡಿ.

ಫಿನಾಸ್ಟೆರೈಡ್ ಕಥೆ ಬೇರೆ. ಇಲ್ಲಿ ನಿಜಕ್ಕೂ ಸ್ವಲ್ಪ ನಿಂತು ನೋಡಬೇಕು.

1974ರಲ್ಲಿ ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲೆ ಮತ್ತು ಸಂಗಡಿಗರು ಡೊಮಿನಿಕನ್ ರಿಪಬ್ಲಿಕ್‌ನ ಕೆಲವು ಕುಟುಂಬಗಳ ಬಗ್ಗೆ ಬರೆದರು. ಅಲ್ಲಿನ ಕೆಲವು ಗಂಡುಮಕ್ಕಳಿಗೆ ಹುಟ್ಟಿನಿಂದಲೇ ಒಂದು ಕಿಣ್ವದ ಕೊರತೆ. ಟೆಸ್ಟೊಸ್ಟೆರಾನ್ ಅನ್ನು ಇನ್ನೂ ಜೋರಾದ ಡಿಎಚ್‌ಟಿ ಎಂಬ ಹಾರ್ಮೋನ್ ಆಗಿ ಬದಲಿಸುವುದು ಆ ಕಿಣ್ವದ ಕೆಲಸ. ಅವರು ದೊಡ್ಡವರಾದ ಮೇಲೂ ಪ್ರಾಸ್ಟೇಟ್ ಮಾತ್ರ ಪುಟ್ಟದಾಗಿಯೇ ಉಳಿದಿತ್ತು. ಆ ಕಿಣ್ವವನ್ನು ಮಾತ್ರೆಯಿಂದ ತಡೆದರೆ ಹೇಗೆ? ಫಿನಾಸ್ಟೆರೈಡ್ ಹುಟ್ಟಿದ್ದು ಹೀಗೆ. ಊದಿದ ಪ್ರಾಸ್ಟೇಟ್ ಕುಗ್ಗಿಸಲು ಅದು ಬಳಕೆಗೆ ಬಂತು. ಕ್ಯಾನ್ಸರನ್ನೂ ತಡೆದೀತೇ ಎಂದು 1993ರಲ್ಲಿ ಅಮೆರಿಕದಲ್ಲಿ 55 ದಾಟಿದ 18,882 ಗಂಡಸರ ಮೇಲೆ ಪರೀಕ್ಷೆ ಶುರುವಾಯಿತು. ಅರ್ಧ ಜನಕ್ಕೆ ದಿನಕ್ಕೆ 5 ಮಿಲಿಗ್ರಾಂ ಫಿನಾಸ್ಟೆರೈಡ್, ಉಳಿದವರಿಗೆ ಔಷಧಿಯೇ ಇಲ್ಲದ ತೋರಿಕೆಯ ಮಾತ್ರೆ. ಏಳು ವರ್ಷ.

2003ರಲ್ಲಿ ಫಲಿತಾಂಶ ಬಂತು. ತೋರಿಕೆಯ ಮಾತ್ರೆಯವರಲ್ಲಿ ಶೇ 24.4 ಜನಕ್ಕೆ ಕ್ಯಾನ್ಸರ್ ಪತ್ತೆಯಾಗಿತ್ತು. ಫಿನಾಸ್ಟೆರೈಡ್‌ನವರಲ್ಲಿ ಶೇ 18.4. ಸುಮಾರು ಕಾಲುಭಾಗ ಕಡಿಮೆ! ಆದರೆ ಖುಷಿ ಅಲ್ಲೇ ನಿಂತಿತು. ಉಗ್ರ ಬಗೆಯ ಕ್ಯಾನ್ಸರ್ ಫಿನಾಸ್ಟೆರೈಡ್ ಗುಂಪಿನಲ್ಲೇ ಜಾಸ್ತಿ ಇತ್ತು, ಶೇ 5.1ರ ಎದುರು 6.4. ಜನ ಹೆದರಿದರು, ಮಾತ್ರೆ ತಡೆಗಟ್ಟುವ ಔಷಧಿಯಾಗಿ ಮೇಲೇಳಲೇ ಇಲ್ಲ. ಇದರ ಅಣ್ಣತಮ್ಮನಂಥ ಡುಟಾಸ್ಟೆರೈಡ್ ಮೇಲೆ ನಡೆದ ರೆಡ್ಯೂಸ್ ಅಧ್ಯಯನವೂ 2010ರಲ್ಲಿ ಹೆಚ್ಚುಕಡಿಮೆ ಅದೇ ಚಿತ್ರ ತೋರಿಸಿತು: ಒಟ್ಟು ಕ್ಯಾನ್ಸರ್ ಶೇ 23ರಷ್ಟು ಕಡಿಮೆ, ಉಗ್ರವಾದದ್ದರ ಬಗ್ಗೆ ಅನುಮಾನ. 2011ರಲ್ಲಿ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ ಎರಡೂ ಔಷಧಿಗಳ ಲೇಬಲ್ಲಿಗೆ ಎಚ್ಚರಿಕೆ ಸೇರಿಸಿತು.

ಆಮೇಲೆ ಸಂಶೋಧಕರಿಗೆ ಬೇರೊಂದು ವಿವರಣೆ ಹೊಳೆಯಿತು. ಮಾತ್ರೆ ಪ್ರಾಸ್ಟೇಟ್ ಕುಗ್ಗಿಸುತ್ತದೆ. ಚಿಕ್ಕ ಗ್ರಂಥಿಗೆ ಅಷ್ಟೇ ಸೂಜಿ ಚುಚ್ಚಿದರೆ ಅಡಗಿರುವ ಕ್ಯಾನ್ಸರ್ ಸಿಗುವ ಸಾಧ್ಯತೆ ಹೆಚ್ಚು. ಅಂದರೆ ಹೆಚ್ಚು ಹುಟ್ಟಿದ್ದಲ್ಲ, ಹೆಚ್ಚು ಸಿಕ್ಕಿದ್ದು. 18 ವರ್ಷದವರೆಗೆ ಹಿಂಬಾಲಿಸಿ 2013ರಲ್ಲಿ ಲೆಕ್ಕ ಹಾಕಿದಾಗ ಎರಡೂ ಗುಂಪಿನವರ ಆಯಸ್ಸು ಒಂದೇ ಆಗಿತ್ತು. 2019ರಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ನಿಂದಲೇ ಸತ್ತವರನ್ನು ಎಣಿಸಿದರೆ ಫಿನಾಸ್ಟೆರೈಡ್ ಗುಂಪಿನಲ್ಲಿ 42, ಇನ್ನೊಂದರಲ್ಲಿ 56. ಆದರೆ ಆ ವ್ಯತ್ಯಾಸ ಆಕಸ್ಮಿಕ ಅಲ್ಲ ಎಂದು ಖಚಿತವಾಗಿ ಹೇಳುವಷ್ಟು ದೊಡ್ಡದಲ್ಲ.

ನಮ್ಮ ಅಳತೆಗೋಲಿಗೆ ಹಿಡಿದರೆ: ಮಾತ್ರೆ ತಪ್ಪಿಸುವುದು ಬಹುಪಾಲು ಸುಮ್ಮನಿರುವ ಜಾತಿಯ ಕ್ಯಾನ್ಸರನ್ನು. ಆಯಸ್ಸು ಹೆಚ್ಚಿಸಿದ್ದಕ್ಕೆ ಪುರಾವೆ ಇಲ್ಲ. ಕೆಲವರಿಗೆ ಲೈಂಗಿಕ ಆಸಕ್ತಿ ಕುಗ್ಗುತ್ತದೆ, ನಿಮಿರುವಿಕೆಯ ತೊಂದರೆ ಬರುತ್ತದೆ, ಎದೆ ಊದಿಕೊಳ್ಳುತ್ತದೆ. ಕ್ಯಾನ್ಸರ್ ತಡೆಯಲಿ ಅಂತ ಮಾತ್ರ ಇದನ್ನು ನುಂಗುವುದು ನನಗೆ ಸರಿ ಕಾಣುವುದಿಲ್ಲ. ಆದರೆ ಊದಿದ ಪ್ರಾಸ್ಟೇಟಿಗೆ ಡಾಕ್ಟರ್ ಬರೆದುಕೊಟ್ಟಿದ್ದರೆ 'ಕ್ಯಾನ್ಸರ್ ಬರುತ್ತಂತೆ' ಎಂದು ಹೆದರಿ ಬಿಡುವ ಅಗತ್ಯವೂ ಇಲ್ಲ.

ಒಂದು ಸೂಕ್ಷ್ಮ ಮಾತ್ರ ಮರೆಯಬೇಡಿ. ಈ ಮಾತ್ರೆಗಳು ಆರು ತಿಂಗಳಿಂದ ಒಂದು ವರ್ಷದೊಳಗೆ ಪಿಎಸ್‌ಎ ಅಂಕಿಯನ್ನು ಅರ್ಧಕ್ಕೆ ಇಳಿಸುತ್ತವೆ. ವರದಿಯಲ್ಲಿ 3 ಅಂತ ಇದ್ದರೆ ಅದನ್ನು 6 ಎಂದೇ ಓದಬೇಕು. ಲ್ಯಾಬಿನವರಿಗೆ ನೀವು ಏನು ನುಂಗುತ್ತೀರಿ ಗೊತ್ತಿರುವುದಿಲ್ಲ, ಅವರು 'ನಾರ್ಮಲ್' ಎಂದೇ ಕಳಿಸುತ್ತಾರೆ. ನಮ್ಮಲ್ಲಿ ಟ್ಯಾಮ್ಸುಲೋಸಿನ್ ಮತ್ತು ಡುಟಾಸ್ಟೆರೈಡ್ ಎರಡೂ ಸೇರಿದ ಒಂದೇ ಕ್ಯಾಪ್ಸೂಲ್ ಬಹಳ ಬಳಕೆಯಲ್ಲಿದೆ. ಎಷ್ಟೋ ಜನ ಅದನ್ನು 'ಯೂರಿನ್ ಮಾತ್ರೆ' ಅಂತಷ್ಟೇ ತಿಳಿದಿರುತ್ತಾರೆ. ಸ್ಟ್ರಿಪ್ಪನ್ನೇ ತೆಗೆದುಕೊಂಡು ಹೋಗಿ ತೋರಿಸಿ. ಕೂದಲು ಉದುರದಿರಲು ತೆಗೆದುಕೊಳ್ಳುವ 1 ಮಿಲಿಗ್ರಾಂ ಫಿನಾಸ್ಟೆರೈಡ್ ಕೂಡ ಇದೇ ಕೆಲಸ ಮಾಡುತ್ತದೆ. ಅದನ್ನಂತೂ ಯಾರೂ ಡಾಕ್ಟರಿಗೆ ಹೇಳುವುದೇ ಇಲ್ಲ.

ಪಿಎಸ್‌ಎ: ಬೇಡವೇ, ಒಂದು ಸಲವೇ, ಆಗಾಗ್ಗೆಯೇ?

ಪಿಎಸ್‌ಎ ಕ್ಯಾನ್ಸರ್ ಪರೀಕ್ಷೆಯೇ ಅಲ್ಲ. ಪ್ರಾಸ್ಟೇಟ್ ಗ್ರಂಥಿ ತಯಾರಿಸುವ ಒಂದು ಪ್ರೋಟೀನ್ ರಕ್ತದಲ್ಲಿ ಎಷ್ಟಿದೆ ಎಂದು ಹೇಳುತ್ತದೆ, ಅಷ್ಟೇ. ಗ್ರಂಥಿ ಊದಿದರೂ ಏರುತ್ತದೆ, ಮೂತ್ರದ ಸೋಂಕಾದರೂ ಏರುತ್ತದೆ, ಮೂತ್ರ ಹೋಗಲು ನಳಿಕೆ (ಕ್ಯಾತಿಟರ್) ಹಾಕಿದರೂ ಏರುತ್ತದೆ. ಇನ್ನೊಂದು ಕಡೆ, 4ರ ಒಳಗಿದ್ದರೆ ಕ್ಷೇಮ ಎಂಬುದೂ ಪೂರ್ತಿ ನಿಜವಲ್ಲ. ಮೇಲೆ ಹೇಳಿದ ಫಿನಾಸ್ಟೆರೈಡ್ ಅಧ್ಯಯನದಲ್ಲಿ ತೋರಿಕೆಯ ಮಾತ್ರೆ ತೆಗೆದುಕೊಂಡ, ಪಿಎಸ್‌ಎ 4 ದಾಟದ ಗಂಡಸರಿಗೂ ಬಯಾಪ್ಸಿ ಮಾಡಿದಾಗ ಶೇ 15 ಜನರಲ್ಲಿ ಕ್ಯಾನ್ಸರ್ ಇತ್ತು, ಹೆಚ್ಚಿನವು ಸೌಮ್ಯ ಬಗೆಯವು.

ಹಾಗಾದರೆ ಇದರಿಂದ ಜೀವ ಉಳಿಯುತ್ತದೆಯೇ? ಮೂರು ದೊಡ್ಡ ಅಧ್ಯಯನಗಳು ಮೂರು ಉತ್ತರ ಕೊಟ್ಟಂತೆ ಕಾಣುತ್ತವೆ. ಅಮೆರಿಕದ ಪಿಎಲ್‌ಸಿಒ 2009ರಲ್ಲಿ 'ಲಾಭವಿಲ್ಲ' ಎಂದಿತು. ಆದರೆ ಅಲ್ಲಿ ಪರೀಕ್ಷೆ ಇಲ್ಲದಿರಬೇಕಿದ್ದ ಗುಂಪಿನಲ್ಲೂ ಬಹುಪಾಲು ಜನ ತಾವೇ ಹೋಗಿ ಪಿಎಸ್‌ಎ ಮಾಡಿಸಿಕೊಂಡಿದ್ದರು. ಹೋಲಿಸಲು ಏನು ಉಳಿಯಿತು? ಬ್ರಿಟನ್ನಿನ ಕ್ಯಾಪ್ ಅಧ್ಯಯನದಲ್ಲಿ ಒಂದೇ ಒಂದು ಸಲ ಪಿಎಸ್‌ಎಗೆ ಕರೆದರು. ಸೇರಿದ್ದವರು ನಾಲ್ಕು ಲಕ್ಷಕ್ಕೂ ಹೆಚ್ಚು. 15 ವರ್ಷದ ನಂತರ, 2024ರಲ್ಲಿ ಬಂದ ಲೆಕ್ಕ: ಪ್ರಾಸ್ಟೇಟ್ ಕ್ಯಾನ್ಸರ್‌ನಿಂದ ಸತ್ತವರು ಕರೆದವರಲ್ಲಿ ಶೇ 0.69, ಕರೆಯದವರಲ್ಲಿ 0.78. ಲಾಭ ಇದೆ, ಕಣ್ಣು ಕಿರಿದಾಗಿಸಿ ನೋಡಬೇಕು.

ನಾನು ಹೆಚ್ಚು ಬೆಲೆ ಕೊಡುವುದು ಯುರೋಪಿನ ಇಆರ್‌ಎಸ್‌ಪಿಸಿಗೆ. 55ರಿಂದ 69ರ 1,62,000ಕ್ಕೂ ಹೆಚ್ಚು ಗಂಡಸರು. ಹೆಚ್ಚಿನ ಕೇಂದ್ರಗಳಲ್ಲಿ ಎರಡು ಅಥವಾ ನಾಲ್ಕು ವರ್ಷಕ್ಕೊಮ್ಮೆ ಪಿಎಸ್‌ಎ. 23 ವರ್ಷ ಹಿಂಬಾಲಿಸಿದ ಫಲಿತಾಂಶ 2025ರಲ್ಲಿ ಬಂತು: ಪ್ರಾಸ್ಟೇಟ್ ಕ್ಯಾನ್ಸರ್ ಸಾವು ಶೇ 13 ಕಡಿಮೆ. ಕೇಳಲು ದೊಡ್ಡದು. ನೇರ ಲೆಕ್ಕದಲ್ಲಿ ಶೇ 1.6 ಇದ್ದದ್ದು 1.4 ಆಯಿತು. ಇನ್ನೊಂದು ರೀತಿ ಹೇಳುವುದಾದರೆ 456 ಜನರನ್ನು ಪರೀಕ್ಷೆಗೆ ಕರೆದರೆ ಒಂದು ಸಾವು ತಪ್ಪುತ್ತದೆ. ಆ ಒಬ್ಬರಿಗಾಗಿ ಹೆಚ್ಚುವರಿಯಾಗಿ 12 ಜನಕ್ಕೆ ಕ್ಯಾನ್ಸರ್ ಪತ್ತೆಯಾಗುತ್ತದೆ. 2009ರಲ್ಲಿ, ಒಂಬತ್ತು ವರ್ಷದ ಹೊತ್ತಿಗೆ ಇದೇ ಲೆಕ್ಕ 1,410 ಮತ್ತು 48 ಇತ್ತು. ಕಾಲ ಕಳೆದಂತೆ ಲಾಭ ಬೆಳೆದಿದೆ, ಗಮನಿಸಿ. ಎದುರಿಗೆ ಇನ್ನೂ ಬದುಕಿನ ಹಾದಿ ಉದ್ದ ಇರುವವರಿಗೆ ಲಾಭ ಅನ್ನುವುದು ಇದಕ್ಕೇ.

ಇಲ್ಲೊಂದು ಮಾತು ಹೇಳಲೇಬೇಕು. ಈ ಅಂಕಿಗಳು ನೆದರ್ಲೆಂಡ್ಸ್, ಸ್ವೀಡನ್, ಫಿನ್‌ಲೆಂಡ್ ಥರದ ದೇಶಗಳವು. ನಮ್ಮಲ್ಲಿ ಈ ಕ್ಯಾನ್ಸರ್ ಅವರಿಗಿಂತ ಕಡಿಮೆ. ಅಂದ ಮೇಲೆ ಒಂದು ಸಾವು ತಪ್ಪಿಸಲು ಕರೆಯಬೇಕಾದ ಜನರ ಸಂಖ್ಯೆ ನಮ್ಮಲ್ಲಿ ಇನ್ನೂ ದೊಡ್ಡದಿರಬೇಕು. ಸರ್ಕಾರದ ತಪಾಸಣೆ ಕಾರ್ಯಕ್ರಮದಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್‌ಗಳಿವೆ, ಪ್ರಾಸ್ಟೇಟ್ ಇಲ್ಲ. ಆದರೆ ಎಲ್ಲ ಊರೂ ಒಂದೇ ಅಲ್ಲ. 1982ರಿಂದ ಕಿದ್ವಾಯಿ ಸಂಸ್ಥೆ ನಡೆಸುತ್ತಿರುವ ಬೆಂಗಳೂರಿನ ಕ್ಯಾನ್ಸರ್ ನೋಂದಣಿಯಲ್ಲಿ ಪ್ರಾಸ್ಟೇಟ್ ಈಗ ಗಂಡಸರ ಪ್ರಮುಖ ಕ್ಯಾನ್ಸರ್‌ಗಳ ಸಾಲಿನಲ್ಲಿದೆ.

ಮಾಡಿಸುವುದಾದರೆ ಪ್ರತಿ ವರ್ಷ ಬೇಕೇ? ಬೇಡ. ಸ್ವೀಡನ್ನಿನ ಮಾಲ್ಮೊದಲ್ಲಿ 1981ರಲ್ಲಿ, ಅರವತ್ತು ವರ್ಷದ ಗಂಡಸರ ರಕ್ತ ತೆಗೆದು ಕಾಪಿಟ್ಟಿದ್ದರು. ದಶಕಗಳ ನಂತರ ಅದೇ ರಕ್ತದಲ್ಲಿ ಪಿಎಸ್‌ಎ ಅಳೆದು, ಆ ಜನರಿಗೆ ಏನಾಯಿತು ಎಂದು ನೋಡಿದರು. ಅರವತ್ತರಲ್ಲಿ ಪಿಎಸ್‌ಎ 1 ಅಥವಾ ಅದಕ್ಕಿಂತ ಕಡಿಮೆ ಇದ್ದವರು 85ರೊಳಗೆ ಈ ಕ್ಯಾನ್ಸರ್‌ನಿಂದ ಸಾಯುವ ಸಾಧ್ಯತೆ ಶೇ 0.2 ಮಾತ್ರ. ನಿಮ್ಮ ಅಂಕಿ ಅರವತ್ತರಲ್ಲಿ 0.8 ಇದ್ದರೆ ಮುಂದಿನ ಕೆಲವು ವರ್ಷ ಪ್ಯಾಕೇಜಿನಲ್ಲಿ ಆ ಸಾಲನ್ನು ಮರೆತುಬಿಡಬಹುದು. ಎರಡು ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ಸಾಕು.

ಗುದದ್ವಾರದ ಮೂಲಕ ಬೆರಳಿನಿಂದ ಮುಟ್ಟಿ ನೋಡುವ ಪರೀಕ್ಷೆ? ಅದೊಂದನ್ನೇ ನಂಬಿ ಕೂರಬೇಡಿ. ಜರ್ಮನಿಯ ಪ್ರೊಬೇಸ್ ಅಧ್ಯಯನದಲ್ಲಿ 45 ವರ್ಷದವರಲ್ಲಿ ಅದು ಹಿಡಿದ ಕ್ಯಾನ್ಸರ್ ತೀರಾ ಕಡಿಮೆ. ಮುಜುಗರದಿಂದಲೇ ಡಾಕ್ಟರ ಹತ್ತಿರ ಹೋಗದವರಿಗೆ ಇದು ಸಮಾಧಾನದ ಸುದ್ದಿ.

ಅಂಕಿ ಏರಿದೆ. ನೇರ ಬಯಾಪ್ಸಿಯೋ, ಮೊದಲು ಎಂಆರ್‌ಐಯೋ?

ಎರಡಕ್ಕೂ ಮೊದಲು ಇನ್ನೊಂದು ಸಲ ಪಿಎಸ್‌ಎ ಮಾಡಿಸಿ. ಇದು ಅತಿ ಅಗ್ಗದ, ಅತಿ ಹೆಚ್ಚು ಮರೆತುಹೋಗುವ ಹೆಜ್ಜೆ. ಕೆಲವು ವಾರ ಬಿಟ್ಟು, ಅದೇ ಲ್ಯಾಬಿನಲ್ಲಿ. ಮೂತ್ರದ ಸೋಂಕು ಆಗಿದ್ದರೆ ಆರು ವಾರ ಕಾಯಿರಿ. ಹಿಂದಿನ ಎರಡು ದಿನ ವೀರ್ಯಸ್ಖಲನ, ಸೈಕಲ್ ಸವಾರಿ ಬೇಡ. ಏರಿದ ಅಂಕಿಗಳಲ್ಲಿ ಒಂದು ದೊಡ್ಡ ಪಾಲು ತಾನಾಗಿ ಇಳಿದಿರುತ್ತದೆ.

ಇಳಿಯಲಿಲ್ಲ ಅಂತಿಟ್ಟುಕೊಳ್ಳಿ. ಹಳೆಯ ಪದ್ಧತಿ ನೇರವಾಗಿ ಸೂಜಿಯದು. ಅಲ್ಟ್ರಾಸೌಂಡ್ ನೋಡುತ್ತಾ ಗ್ರಂಥಿಯ ಹತ್ತು ಹನ್ನೆರಡು ಕಡೆ ಚುಚ್ಚುತ್ತಾರೆ. ಸ್ಪ್ರಿಂಗ್ ಇರುವ ಗನ್ 'ಟಪ್' ಎನ್ನುತ್ತದೆ, ದಾರದ ತುಂಡಿನಂಥ ಎಳೆಯೊಂದು ಬರುತ್ತದೆ. ಎಲ್ಲಿ ಚುಚ್ಚಬೇಕು ಎಂಬುದಕ್ಕೆ ಗುರಿಯಿಲ್ಲ. ನೀರಿನ ಸೆಲೆ ನೋಡದೆ ತೋಟದಲ್ಲಿ ಸಾಲಾಗಿ ಬೋರ್‌ವೆಲ್ ಕೊರೆಸಿದ ಹಾಗೆ.

ಇದು ಎಷ್ಟು ಎಡವುತ್ತದೆ ಎಂದು ತೋರಿಸಿದ್ದು ಬ್ರಿಟನ್ನಿನ ಪ್ರಾಮಿಸ್ ಅಧ್ಯಯನ, 2017ರಲ್ಲಿ. 576 ಗಂಡಸರು. ಪ್ರತಿಯೊಬ್ಬರಿಗೂ ಎಂಆರ್‌ಐ, ಮಾಮೂಲಿ ಬಯಾಪ್ಸಿ, ಜೊತೆಗೆ ಅರಿವಳಿಕೆ ಕೊಟ್ಟು ಇಡೀ ಗ್ರಂಥಿಯನ್ನು ಅರ್ಧ ಸೆಂಟಿಮೀಟರಿಗೊಂದರಂತೆ ಚುಚ್ಚಿ ನೋಡುವ ಪೂರ್ಣ ಶೋಧ. ಆ ಪೂರ್ಣ ಶೋಧದಲ್ಲಿ ಸಿಕ್ಕ ಅಪಾಯದ ಕ್ಯಾನ್ಸರ್‌ಗಳಲ್ಲಿ ಎಂಆರ್‌ಐ ಗುರುತಿಸಿದ್ದು ಶೇ 93. ಮಾಮೂಲಿ ಬಯಾಪ್ಸಿ ಹಿಡಿದದ್ದು ಶೇ 48. ಅರ್ಧಕ್ಕೂ ಕಡಿಮೆ! ಆದರೆ ಎಂಆರ್‌ಐಗೂ ಒಂದು ದೋಷ ಇದೆ. ಅದು ಅನುಮಾನಿಸಿದ್ದೆಲ್ಲ ಕ್ಯಾನ್ಸರ್ ಆಗಿರಲಿಲ್ಲ. ಹಾಗಾಗಿ ಎಂಆರ್‌ಐ ಬಯಾಪ್ಸಿಗೆ ಬದಲಿಯಲ್ಲ, ಯಾರಿಗೆ ಬಯಾಪ್ಸಿ ಬೇಕು ಎಂದು ಆರಿಸುವ ಜರಡಿ.

2018ರ ಪ್ರಿಸಿಷನ್ ಅಧ್ಯಯನ ಇದನ್ನು ನೇರ ಹೋಲಿಕೆಗೆ ಇಟ್ಟಿತು. 500 ಗಂಡಸರಲ್ಲಿ ಅರ್ಧ ಜನಕ್ಕೆ ನೇರ ಬಯಾಪ್ಸಿ. ಉಳಿದವರಿಗೆ ಎಂಆರ್‌ಐ, ಅದರಲ್ಲಿ ಅನುಮಾನ ಬಂದರೆ ಮಾತ್ರ ಆ ಜಾಗಕ್ಕೇ ಸೂಜಿ. ಎಂಆರ್‌ಐ ದಾರಿಯಲ್ಲಿ ಅಪಾಯದ ಕ್ಯಾನ್ಸರ್ ಶೇ 38 ಜನರಲ್ಲಿ ಸಿಕ್ಕಿತು, ನೇರ ದಾರಿಯಲ್ಲಿ 26. ಬೇಡದ, ಸೌಮ್ಯ ಕ್ಯಾನ್ಸರ್ ಸಿಕ್ಕಿದ್ದು ಶೇ 9ರಷ್ಟರಲ್ಲಿ, ನೇರ ದಾರಿಯಲ್ಲಿ 22. ಜೊತೆಗೆ ನೂರಕ್ಕೆ 28 ಜನಕ್ಕೆ ಸೂಜಿಯೇ ತಪ್ಪಿತು. ಮೇಲೆ ಹೇಳಿದ ಎರಡನೇ ಅಳತೆಗೋಲಿಗೆ ಇದಕ್ಕಿಂತ ಚೆನ್ನಾಗಿ ಹೊಂದುವ ಉತ್ತರ ಇಡೀ ಈ ವಿಷಯದಲ್ಲಿ ನನಗೆ ಕಾಣಲಿಲ್ಲ. ಸ್ವೀಡನ್ನಿನ ಯೋಟೆಬೊರಿ-2 ಅಧ್ಯಯನವೂ 2022ರಲ್ಲಿ ಇದನ್ನೇ ಹೇಳಿತು: ಎಂಆರ್‌ಐ ನೋಡಿ ಗುರಿಯಿಟ್ಟು ಮಾತ್ರ ಚುಚ್ಚಿದರೆ ಬೇಡದ ಪತ್ತೆ ಅರ್ಧಕ್ಕೆ ಇಳಿಯುತ್ತದೆ. ಬೆಲೆ ಏನೆಂದರೆ ಮಧ್ಯಮ ಅಪಾಯದ ಕೆಲವು ಸಣ್ಣ ಗಡ್ಡೆಗಳು ಆ ಸುತ್ತಿನಲ್ಲಿ ತಪ್ಪಿಸಿಕೊಳ್ಳುತ್ತವೆ. ಪಿಎಸ್‌ಎ ಮೇಲೆ ಕಣ್ಣಿಟ್ಟಿದ್ದರೆ ಅವು ಮುಂದೆ ಸಿಗುವ ಅವಕಾಶ ಇದೆ.

ದುಡ್ಡಿನ ಮಾತು. ಪಿಎಸ್‌ಎ ನೂರರ ಲೆಕ್ಕದ ಖರ್ಚು, ಎಂಆರ್‌ಐ ಸಾವಿರಗಳ ಲೆಕ್ಕದ್ದು. ಇಲ್ಲೊಂದು ಒಳ್ಳೆಯ ಸುದ್ದಿ ಇದೆ. ರಕ್ತನಾಳಕ್ಕೆ ಬಣ್ಣದ ಔಷಧಿ (ಕಾಂಟ್ರಾಸ್ಟ್) ಚುಚ್ಚದೆ, ಕಡಿಮೆ ಹೊತ್ತಿನಲ್ಲಿ ಮುಗಿಯುವ ಎಂಆರ್‌ಐ ಸಾಕೇ ಎಂದು ಪ್ರೈಮ್ ಅಧ್ಯಯನ ನೋಡಿತು. 2025ರ ಫಲಿತಾಂಶದಲ್ಲಿ ಎರಡೂ ಬಗೆಯಲ್ಲಿ ಅಪಾಯದ ಕ್ಯಾನ್ಸರ್ ಸಿಕ್ಕಿದ್ದು ಒಂದೇ ಪ್ರಮಾಣದಲ್ಲಿ, ಶೇ 29. 'ಕಾಂಟ್ರಾಸ್ಟ್ ಇಲ್ಲದೆ ಮಾಡಬಹುದಾ?' ಎಂದು ಕೇಳಿ ನೋಡಿ. ಆದರೆ ಮಷಿನ್‌ಗಿಂತ ಮುಖ್ಯ ಅದನ್ನು ಓದುವವರು. ಪ್ರಾಸ್ಟೇಟ್ ಎಂಆರ್‌ಐ ನೋಡಿ ಪಳಗಿದ ರೇಡಿಯಾಲಜಿಸ್ಟ್ ಇಲ್ಲದ ಕಡೆ ಅಗ್ಗಕ್ಕೆ ಮಾಡಿಸುವುದಕ್ಕಿಂತ, ಬಸ್ ಹತ್ತಿ ಜಿಲ್ಲಾ ಕೇಂದ್ರಕ್ಕೋ ಬೆಂಗಳೂರಿಗೋ ಹೋಗುವುದು ಮೇಲು.

ವರದಿ ಬಂದಾಗ ಎರಡು ಕಡೆ ನೋಡಿ. ಒಂದು ಪೈ-ರ‍್ಯಾಡ್ಸ್ ಎಂಬ ಅಂಕಿ, 1ರಿಂದ 5. ಒಂದು ಎರಡಾದರೆ ಅನುಮಾನ ಕಡಿಮೆ, ನಾಲ್ಕು ಐದಾದರೆ ಬಯಾಪ್ಸಿ ಬೇಕು, ಮೂರು ಅಂದರೆ ಗೊಂದಲ. ಇನ್ನೊಂದು ಗ್ರಂಥಿಯ ಗಾತ್ರ. ಪಿಎಸ್‌ಎಯನ್ನು ಆ ಗಾತ್ರದಿಂದ ಭಾಗಿಸಿ. ಅಪ್ಪನ ಪಿಎಸ್‌ಎ 5.6, ಗ್ರಂಥಿ 70 ಮಿಲಿಲೀಟರ್ ಇದ್ದರೆ 0.08. ಊದಿದ ದೊಡ್ಡ ಗ್ರಂಥಿ, ಹಾಗಾಗಿ ಹೆಚ್ಚು ಪಿಎಸ್‌ಎ. ಅದೇ 5.6 ಬರೀ 28 ಮಿಲಿಲೀಟರಿನ ಗ್ರಂಥಿಯಿಂದ ಬಂದಿದ್ದರೆ 0.20. ಸಾಮಾನ್ಯವಾಗಿ 0.15 ದಾಟಿದರೆ ಡಾಕ್ಟರುಗಳು ಹುಬ್ಬೇರಿಸುತ್ತಾರೆ. ಪೈ-ರ‍್ಯಾಡ್ಸ್ ಮೂರು ಬಂದವರಿಗೆ ಈ ಭಾಗಾಕಾರ ಬಹಳ ಉಪಯೋಗಕ್ಕೆ ಬರುತ್ತದೆ.

ಬಯಾಪ್ಸಿ ಬೇಕೇ ಬೇಕು ಅಂತಾದರೆ ದಾರಿ ಎರಡು: ಗುದದ್ವಾರದ ಮೂಲಕ, ಇಲ್ಲವೇ ವೃಷಣ ಮತ್ತು ಗುದದ ನಡುವಿನ ಚರ್ಮದ ಮೂಲಕ. ಮೊದಲನೆಯದು ಹಳೆಯದು, ಬೇಗ ಮುಗಿಯುತ್ತದೆ, ಎಲ್ಲ ಕಡೆ ಸಿಗುತ್ತದೆ. ಆದರೆ ಸೂಜಿ ಕರುಳಿನ ಬ್ಯಾಕ್ಟೀರಿಯಾವನ್ನು ಒಳಗೆ ಒಯ್ಯಬಹುದು. ನಮ್ಮಲ್ಲಿ ಆಂಟಿಬಯೋಟಿಕ್‌ಗಳು ಕೈಕೊಡುತ್ತಿರುವ ಈ ಕಾಲದಲ್ಲಿ ಅದು ಸಣ್ಣ ಮಾತಲ್ಲ. ಚರ್ಮದ ದಾರಿಯಲ್ಲಿ ಸೋಂಕು ವಿರಳ. ಬ್ರಿಟನ್ನಿನ ಟ್ರಾನ್ಸ್‌ಲೇಟ್ ಅಧ್ಯಯನದಲ್ಲಿ ಅಪಾಯದ ಕ್ಯಾನ್ಸರ್ ಈ ದಾರಿಯಲ್ಲಿ ಶೇ 60 ಜನರಲ್ಲಿ, ಇನ್ನೊಂದರಲ್ಲಿ 54 ಜನರಲ್ಲಿ ಸಿಕ್ಕಿತು. ನೋವು, ಮುಜುಗರ ತುಸು ಜಾಸ್ತಿ. ಸಕ್ಕರೆ ಕಾಯಿಲೆ ಇರುವವರು, ಈಚೆಗೆ ಆಂಟಿಬಯೋಟಿಕ್ ತೆಗೆದುಕೊಂಡವರು ಚರ್ಮದ ದಾರಿಯನ್ನೇ ಕೇಳಿ. ಇನ್ನು ಚಿಕ್ಕಪ್ಪನ ಮಾತು: ಸೂಜಿಯ ಹಾದಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಹರಡುವುದು ಅತಿ ಅಪರೂಪ. ಆ ಭಯಕ್ಕೆ ಬಯಾಪ್ಸಿ ಬಿಡಬೇಡಿ.

ಸಿಕ್ಕಿದರೆ ಮುಂದೇನು ಎಂದು ಮೊದಲೇ ಯೋಚಿಸಿ

ಇದು ಚಿಕಿತ್ಸೆಯ ಬರಹವಲ್ಲ. ಆದರೂ ಪರೀಕ್ಷೆ ಮಾಡಿಸಬೇಕೋ ಬೇಡವೋ ಎಂಬುದು ನಿಂತಿರುವುದು ಇದರ ಮೇಲೆಯೇ. ಬ್ರಿಟನ್ನಿನ ಪ್ರೊಟೆಕ್ಟ್ ಅಧ್ಯಯನದಲ್ಲಿ ಪಿಎಸ್‌ಎ ಮೂಲಕ ಪತ್ತೆಯಾದ 1,643 ಜನರನ್ನು ಮೂರು ಪಾಲು ಮಾಡಿದರು: ಆಪರೇಷನ್, ರೇಡಿಯೇಷನ್, ಬರೀ ನಿಗಾ. 15 ವರ್ಷದ ನಂತರ ಈ ಕ್ಯಾನ್ಸರ್‌ನಿಂದ ಸತ್ತವರು ಮೂರೂ ಗುಂಪಿನಲ್ಲಿ ಶೇ 3ರ ಆಸುಪಾಸು. ನಿಗಾದಲ್ಲಿದ್ದವರಲ್ಲಿ ಹರಡುವಿಕೆ ಹೆಚ್ಚು ಕಂಡಿತು, ಶೇ 9.4. ಉಳಿದೆರಡರಲ್ಲಿ 5ರ ಸುತ್ತ. ಆದರೆ ನಿಗಾದವರಲ್ಲಿ ನಾಲ್ವರಲ್ಲಿ ಒಬ್ಬರು ಅಷ್ಟೂ ವರ್ಷ ಯಾವ ಚಿಕಿತ್ಸೆಯೂ ಇಲ್ಲದೆ ಬದುಕಿದ್ದರು. ಆಪರೇಷನ್ ಆದವರಲ್ಲಿ ವರ್ಷಗಳ ನಂತರವೂ ಐವರಲ್ಲಿ ಒಬ್ಬರು ಮೂತ್ರ ಸೋರುವುದಕ್ಕೆ ಪ್ಯಾಡ್ ಬಳಸುತ್ತಿದ್ದರು.

ಸೌಮ್ಯ ಬಗೆಯದು ಸಿಕ್ಕಿದಾಗ 'ನಿಗಾ ಇಡೋಣ' ಎನ್ನುವ ಡಾಕ್ಟರ್ ನಿಮಗೆ ಸಿಗುತ್ತಾರೆಯೇ? 'ಕ್ಯಾನ್ಸರ್ ಇಟ್ಟುಕೊಂಡು ಸುಮ್ನೆ ಕೂರೋದಾ?' ಎಂದು ಮನೆಯವರು ಒತ್ತಾಯಿಸಿದರೆ ತಾಳಿಕೊಳ್ಳುವ ಮನಸ್ಸು ನಿಮಗಿದೆಯೇ? ಎರಡಕ್ಕೂ ಹೌದು ಎಂದರೆ ಪಿಎಸ್‌ಎಯ ಹಾನಿ ಬಹಳ ಕಡಿಮೆಯಾಗುತ್ತದೆ. ಇಲ್ಲ ಎಂದರೆ ಅದೇ ಅಗ್ಗದ ಟೆಸ್ಟ್ ನಿಮ್ಮನ್ನು ಬೇಡದ ಆಪರೇಷನ್ ಟೇಬಲ್‌ಗೆ ಕರೆದೊಯ್ಯಬಹುದು.

ಯಾರಿಗೆ ಯಾವುದು

ಅಪ್ಪನಿಗೋ ಅಣ್ಣನಿಗೋ ಈ ಕ್ಯಾನ್ಸರ್ ಬಂದಿದ್ದರೆ ನಿಮ್ಮ ಅಪಾಯ ಸುಮಾರು ಎರಡರಷ್ಟು. 45ಕ್ಕೆ ಮೊದಲ ಪಿಎಸ್‌ಎ ಮಾಡಿಸಿ. ಮನೆಯ ಹೆಂಗಸರಲ್ಲಿ ಚಿಕ್ಕ ವಯಸ್ಸಿಗೇ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಆಗಿದ್ದರೆ ಅದನ್ನೂ ಡಾಕ್ಟರಿಗೆ ಹೇಳಿ. ಬಿಆರ್‌ಸಿಎ2 ಎಂಬ ಜೀನ್ ದೋಷ ಎರಡೂ ಕಡೆ ಕೆಲಸ ಮಾಡುತ್ತದೆ. ಅದು ಇದೆ ಎಂದು ಖಚಿತವಾದವರಿಗೆ 40ರಿಂದಲೇ ಪರೀಕ್ಷೆ.

ಮನೆಯಲ್ಲಿ ಯಾರಿಗೂ ಇಲ್ಲ, 50ರಿಂದ 69ರ ನಡುವೆ ಇದ್ದೀರಿ, ಆರೋಗ್ಯ ಚೆನ್ನಾಗಿದೆ, ಎಂಆರ್‌ಐ ಖರ್ಚು ಭರಿಸಬಲ್ಲಿರಿ ಎಂದರೆ ಪಿಎಸ್‌ಎ ಮಾಡಿಸುವ ಕಡೆಗೇ ನಾನು ವಾಲುತ್ತೇನೆ. ಅಮೆರಿಕದ ತಜ್ಞರ ಕಾರ್ಯಪಡೆ 2012ರಲ್ಲಿ 'ಬೇಡ' ಎಂದಿದ್ದನ್ನು 2018ರಲ್ಲಿ ಬದಲಿಸಿ, 55ರಿಂದ 69ರವರು ಡಾಕ್ಟರ್ ಜೊತೆ ಮಾತಾಡಿ ತಾವೇ ನಿರ್ಧರಿಸಲಿ ಎಂದಿತು. ಎಪ್ಪತ್ತರ ನಂತರ ಬೇಡ ಎಂಬ ಮಾತನ್ನು ಬದಲಿಸಲಿಲ್ಲ.

ಕೈಯಲ್ಲಿ ದುಡ್ಡು ಬಿಗಿ ಇದ್ದರೆ ಪ್ರತಿ ವರ್ಷದ ಪ್ಯಾಕೇಜ್ ಬಿಡಿ. 55ಕ್ಕೊಂದು, 60ಕ್ಕೊಂದು ಪಿಎಸ್‌ಎ ಮಾಡಿಸಿ. ಉಳಿದ ದುಡ್ಡು ಎಂಆರ್‌ಐಗೆ ಇರಲಿ, ಬೇಕಾದರೆ. ಎಂಆರ್‌ಐ ಇಲ್ಲದೆ ನೇರ ಬಯಾಪ್ಸಿಯೇ ಗತಿ ಎಂಬ ಪರಿಸ್ಥಿತಿ ಇದ್ದು, ಅಂಕಿ 4–6ರ ನಡುವೆಯೇ ಸ್ಥಿರವಾಗಿದ್ದು, ಗ್ರಂಥಿ ದೊಡ್ಡದಿದ್ದರೆ ಆರು ತಿಂಗಳು ಕಾದು ನೋಡುವ ಬಗ್ಗೆ ಯೂರಾಲಜಿಸ್ಟ್ (ಮೂತ್ರಾಂಗ ತಜ್ಞ) ಹತ್ತಿರ ಮಾತಾಡಿ. 20, 30, ನೂರು ಬಂದಿದ್ದರೆ ಮಾತ್ರ ಈ ಲೆಕ್ಕಾಚಾರ ಯಾವುದೂ ಬೇಡ, ತಕ್ಷಣ ಹೋಗಿ.

ಇಂಗ್ಲೆಂಡು, ಅಮೆರಿಕಗಳಲ್ಲಿ ನೆಲೆಸಿದ ಭಾರತೀಯರಲ್ಲಿ ಈ ಕ್ಯಾನ್ಸರ್ ಇಲ್ಲಿನವರಿಗಿಂತ ಹೆಚ್ಚು ಪತ್ತೆಯಾಗುತ್ತದೆ. ಪರೀಕ್ಷೆ ಹೆಚ್ಚು ನಡೆಯುವುದು ಒಂದು ಕಾರಣ, ಜೀವನಕ್ರಮವೂ ಇರಬಹುದು. ಊರಲ್ಲಿ ಯಾರಿಗೂ ಇರಲಿಲ್ಲ ಎಂದು ಅಲ್ಲಿನ ಕನ್ನಡಿಗರು ನಿಶ್ಚಿಂತೆಯಿಂದ ಇರಬೇಕಿಲ್ಲ. ಬ್ರಿಟನ್ನಿನಲ್ಲಿ 50 ದಾಟಿದ ಗಂಡಸರು ಜಿಪಿ (ಅಲ್ಲಿನ ಫ್ಯಾಮಿಲಿ ಡಾಕ್ಟರ್) ಹತ್ತಿರ ಸಾಧಕ ಬಾಧಕ ಮಾತಾಡಿ ಉಚಿತವಾಗಿ ಪಿಎಸ್‌ಎ ಮಾಡಿಸಿಕೊಳ್ಳಬಹುದು. ಪಿಎಸ್‌ಎ, ಜೀನ್ ಪರೀಕ್ಷೆ, ಬೇಗ ಮುಗಿಯುವ ಎಂಆರ್‌ಐ, ಇವನ್ನು ಹೇಗೆ ಸೇರಿಸಿದರೆ ತಪಾಸಣೆ ಸರಿಹೋಗುತ್ತದೆ ಎಂದು ನೋಡಲು 4.2 ಕೋಟಿ ಪೌಂಡ್ ವೆಚ್ಚದ ಟ್ರಾನ್ಸ್‌ಫಾರ್ಮ್ ಎಂಬ ಅಧ್ಯಯನವನ್ನು ಅಲ್ಲಿ 2023ರಲ್ಲಿ ಪ್ರಕಟಿಸಿದರು. ಲಕ್ಷಗಟ್ಟಲೆ ಗಂಡಸರು ಅದಕ್ಕೆ ಬೇಕು. ನಾವಾಗಿ ಹೆಸರು ಕೊಡಲು ಆಗುವುದಿಲ್ಲ, ಆಹ್ವಾನ ಅವರಿಂದಲೇ ಬರಬೇಕು. ಅಂಥ ಕಾಗದ ನಿಮ್ಮ ಮನೆಗೆ ಬಂದರೆ ಜಾಹೀರಾತು ಅಂದುಕೊಂಡು ಎಸೆಯಬೇಡಿ.